ಹಿಮದ ಮೇಲೆ ನಾಲ್ಕು ತಿಂಗಳು: ಕ್ರಾಸ್‌ಕಂಟ್ರಿ ಸ್ಕೀ ಸೀಸನ್ ಪೂರ್ತಿ ನೋಡುವುದು ಹೇಗೆ

ಕ್ರಾಸ್‌ಕಂಟ್ರಿ ಸ್ಕೀ, ಅಂದರೆ ಕಾಲಿಗೆ ಸ್ಕೀ ಕಟ್ಟಿ, ಕೈಯಲ್ಲಿ ಕೋಲು ಹಿಡಿದು ಹಿಮದ ಏರಿಳಿತದ ದಾರಿಯಲ್ಲಿ ಓಡುವ ರೇಸ್. ಅದನ್ನು ಮೊದಲ ಸಲ ನೋಡಿದವರಲ್ಲಿ ತುಂಬಾ ಜನ ಹತ್ತೇ ನಿಮಿಷಕ್ಕೆ ಬಿಟ್ಟುಬಿಡುತ್ತಾರೆ. ಯಾಕೆ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕಾಡಿನೊಳಗೆ ಒಬ್ಬೊಬ್ಬರೇ ಹೋಗುತ್ತಿರುತ್ತಾರೆ, ಎಲ್ಲರ ಮುಖದ ಮೇಲೂ ಕನ್ನಡಕ, ಯಾರು ಮುಂದೆ ಯಾರು ಹಿಂದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಪರದೆಯ ಮೂಲೆಯಲ್ಲಿ ಮಾತ್ರ ಏನೋ ಸಂಖ್ಯೆಗಳು ಹಸಿರು, ಕೆಂಪು ಬಣ್ಣದಲ್ಲಿ ಓಡುತ್ತಿರುತ್ತವೆ.

ಆ ಮೂಲೆಯಲ್ಲೇ ರೇಸ್ ನಡೆಯುತ್ತಿರುತ್ತದೆ. ಈ ಆಟ ನೋಡೋಕೆ ಎರಡು ವಿಷಯದ ಮೇಲೆ ಗಮನ ಬೇಕು: ಗಡಿಯಾರ ಮತ್ತು ಹಿಮ. ಇವೆರಡನ್ನು ಓದೋಕೆ ಬಂದರೆ ಸಾಕು, ನವೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಪ್ರತಿ ವಾರಾಂತ್ಯವೂ ಒಂದು ದೊಡ್ಡ ಕಥೆಯ ಒಂದೊಂದು ಅಧ್ಯಾಯದ ಹಾಗೆ ಬಿಚ್ಚಿಕೊಳ್ಳುತ್ತದೆ. ಒಂದು ಸೀಸನ್ ಪೂರ್ತಿ ನೋಡಬೇಕು ಅಂತ ಮನಸ್ಸು ಮಾಡಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಎರಡು ಶೈಲಿಗಳ ಗುರುತು ಹಿಡಿಯಿರಿ

ಕ್ಲಾಸಿಕ್ ಮತ್ತು ಫ್ರೀಸ್ಟೈಲ್. ಮೊದಲ ರೇಸ್ ನೋಡುವ ಮೊದಲೇ ಇಷ್ಟು ಗೊತ್ತಿರಲಿ.

ಕ್ಲಾಸಿಕ್‌ನಲ್ಲಿ ಹಿಮದ ಮೇಲೆ ಮೊದಲೇ ಕೊರೆದಿಟ್ಟ ಎರಡು ಗೆರೆಗಳಿರುತ್ತವೆ, ರೈಲು ಹಳಿಯ ಹಾಗೆ. ಸ್ಕೀಗಳು ಆ ಗೆರೆಯೊಳಗೆ ನೇರವಾಗಿ ಹೋಗುತ್ತವೆ. ಏರಿನಲ್ಲಿ ಬಲಗಾಲಿನ ಜೊತೆ ಎಡಗೈ, ಎಡಗಾಲಿನ ಜೊತೆ ಬಲಗೈ, ನಡೆಯುವಾಗ ಕೈ ಬೀಸುತ್ತೇವಲ್ಲ, ಹಾಗೆ. ಸಮತಟ್ಟು ಜಾಗದಲ್ಲಿ ಎರಡೂ ಕೋಲು ಒಟ್ಟಿಗೆ ಊರಿ ಮೈ ಬಗ್ಗಿಸಿ ತಳ್ಳುತ್ತಾರೆ, ಇದಕ್ಕೆ ಡಬಲ್ ಪೋಲಿಂಗ್ ಅಂತಾರೆ. ತೀರಾ ಕಡಿದಾದ ಏರು ಬಂದರೆ ಸ್ಕೀಯ ಮುಂಭಾಗ ಹೊರಕ್ಕೆ ತಿರುಗಿಸಿ ಹೆಜ್ಜೆ ಹಾಕುತ್ತಾ ಹತ್ತುತ್ತಾರೆ, ಹಿಮದ ಮೇಲೆ ಮೀನಿನ ಮುಳ್ಳಿನಂಥ ಗುರುತು ಬೀಳುತ್ತದೆ.

ಫ್ರೀಸ್ಟೈಲ್ ಅಂದರೆ ಸ್ಕೇಟಿಂಗ್. ಅಗಲವಾದ ಗಟ್ಟಿ ಹಿಮದ ಮೇಲೆ ಕಾಲನ್ನು ಪಕ್ಕಕ್ಕೆ ಒದೆಯುತ್ತಾ ಹೋಗುತ್ತಾರೆ, ಕ್ಲಾಸಿಕ್‌ಗಿಂತ ವೇಗ ಜಾಸ್ತಿ. ಮೊದಲು ಇದೊಂದು ಶೈಲಿಯೇ ಆಗಿರಲಿಲ್ಲ. 1982ರಲ್ಲಿ ಅಮೆರಿಕದ ಬಿಲ್ ಕೋಕ್ ಒಂದು ಕಾಲಿನಿಂದ ಪಕ್ಕಕ್ಕೆ ಒದೆಯುವ ತಂತ್ರ ಬಳಸಿ ವಿಶ್ವಕಪ್, ಅಂದರೆ ಸೀಸನ್ ಪೂರ್ತಿ ನಡೆಯುವ ರೇಸ್‌ಗಳ ಸರಣಿ, ಗೆದ್ದರು. ಕೆಲವೇ ವರ್ಷಗಳಲ್ಲಿ ಎಲ್ಲರೂ ಅದೇ ದಾರಿ ಹಿಡಿದರು, ಹಳೆಯ ಶೈಲಿ ಸತ್ತೇಹೋಗುವ ಸ್ಥಿತಿ ಬಂತು. ಆಗ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ, ಅಂದರೆ ಫಿಸ್, ರೇಸ್‌ಗಳನ್ನು ಎರಡು ಶೈಲಿಗೆ ಹಂಚಿತು. ಅದು ಒಳ್ಳೆಯ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಒಬ್ಬರಿಗೆ ಒಂದು ಶೈಲಿ ಒಲಿದಿರುತ್ತದೆ, ಇನ್ನೊಂದರಲ್ಲಿ ಒದ್ದಾಡುತ್ತಾರೆ. ಸೀಸನ್ ಕಥೆಯಲ್ಲಿ ಅರ್ಧ ಇದೇ ಒದ್ದಾಟ.

ಯಾರು ಯಾವುದರಲ್ಲಿ ಬಲ ಅಂತ ಮೊದಲ ಮೂರು ವಾರದಲ್ಲೇ ಬರೆದಿಟ್ಟುಕೊಳ್ಳಿ. ಹೆಸರಿನ ಮುಂದೆ "ಕ್ಲಾ" ಅಥವಾ "ಫ್ರೀ" ಅಂತ ಗುರುತು ಹಾಕಿದರೂ ಸಾಕು.

ಎರಡನೇ ಹೆಜ್ಜೆ: ಇವತ್ತು ಯಾವ ಬಗೆಯ ರೇಸ್ ಅಂತ ನೋಡಿ ಕೂತುಕೊಳ್ಳಿ

ಬಗೆ ತಿಳಿಯದೆ ಕೂತರೆ ಏನೂ ಅರ್ಥವಾಗುವುದಿಲ್ಲ. ಇಂಟರ್ವಲ್ ಸ್ಟಾರ್ಟ್‌ನಲ್ಲಿ 30 ಸೆಕೆಂಡಿಗೊಬ್ಬರು ಹೊರಡುತ್ತಾರೆ, ಕಡಿಮೆ ಸಮಯ ತೆಗೆದುಕೊಂಡವರು ಗೆಲ್ಲುತ್ತಾರೆ, ಸಾಮಾನ್ಯವಾಗಿ 10 ಕಿ.ಮೀ. ಮಾಸ್ ಸ್ಟಾರ್ಟ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಮೊದಲು ಗೆರೆ ದಾಟಿದವರು ಗೆದ್ದರು. ಸ್ಕಿಯಾಥ್ಲಾನ್‌ನಲ್ಲಿ 10 ಕಿ.ಮೀ. ಕ್ಲಾಸಿಕ್ ಮುಗಿಸಿ, ಸ್ಕೀ ಮತ್ತು ಕೋಲು ಬದಲಿಸಿ, ಇನ್ನು 10 ಕಿ.ಮೀ. ಫ್ರೀಸ್ಟೈಲ್. ಬದಲಿಸುವ ಸಮಯವೂ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ಬದಲಿಸುವ ಜಾಗದಲ್ಲಿ ಕೈ ನಡುಗಿದವರು ಅಲ್ಲೇ ಗುಂಪನ್ನು ಕಳೆದುಕೊಳ್ಳುತ್ತಾರೆ. ಸ್ಪ್ರಿಂಟ್ ಬಗ್ಗೆ ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ. ರಿಲೇಯಲ್ಲಿ ನಾಲ್ಕು ಜನ, ಮೊದಲ ಇಬ್ಬರು ಕ್ಲಾಸಿಕ್, ಕೊನೆಯ ಇಬ್ಬರು ಫ್ರೀಸ್ಟೈಲ್.

ಹಳೆಯ ರೇಸ್‌ಗಳನ್ನು ಹುಡುಕಿ ನೋಡುವವರಿಗೆ ಒಂದು ಮಾತು. 2022-23ರ ಸೀಸನ್‌ನಿಂದ ಮಹಿಳೆಯರೂ ಪುರುಷರೂ ವಿಶ್ವಕಪ್‌ನಲ್ಲಿ ಒಂದೇ ದೂರ ಓಡುತ್ತಾರೆ. ಅದಕ್ಕೂ ಮೊದಲು ಮಹಿಳೆಯರಿಗೆ 10, ಪುರುಷರಿಗೆ 15, ಮಹಿಳೆಯರಿಗೆ 30, ಪುರುಷರಿಗೆ 50 ಅಂತ ಇರುತ್ತಿತ್ತು. 2023ರ ಮಾರ್ಚ್‌ನಲ್ಲಿ ಆಸ್ಲೋದ ಹೋಲ್ಮೆನ್‌ಕೋಲೆನ್‌ನಲ್ಲಿ ಮಹಿಳೆಯರು ಮೊದಲ ಸಲ ವಿಶ್ವಕಪ್‌ನ 50 ಕಿ.ಮೀ. ಓಡಿದರು, ನಾರ್ವೆಯ ರಾಗ್ನ್‌ಹಿಲ್ಡ್ ಹಾಗಾ ಗೆದ್ದರು. ಇಷ್ಟು ತಡವಾಗಿ ಬಂದದ್ದು ನನಗೆ ಇವತ್ತಿಗೂ ಬೇಸರವೇ.

ಮೂರನೇ ಹೆಜ್ಜೆ: ಕ್ಯಾಲೆಂಡರ್ ಮೇಲೆ ಸೀಸನ್‌ನ ಆಕಾರ ಬರೆದುಕೊಳ್ಳಿ

ಫಿಸ್ ವೆಬ್‌ಸೈಟಿನಲ್ಲಿ ಕ್ರಾಸ್‌ಕಂಟ್ರಿ ಕ್ಯಾಲೆಂಡರ್ ಸಿಗುತ್ತದೆ. ಅದನ್ನು ನಿಮ್ಮ ಫೋನಿನ ಕ್ಯಾಲೆಂಡರ್‌ಗೆ ಹಾಕಿಕೊಳ್ಳಿ, ನಿಮ್ಮ ಊರಿನ ಸಮಯಕ್ಕೆ ಬದಲಿಸಿ. ಹೆಚ್ಚಿನ ರೇಸ್‌ಗಳು ಯುರೋಪಿನ ಹಗಲು ಹೊತ್ತಿನಲ್ಲೇ ನಡೆಯುತ್ತವೆ. ಮಾರ್ಚ್ ಕೊನೆಯಲ್ಲಿ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ ಅನ್ನುವುದನ್ನು ಮರೆಯಬೇಡಿ, ಕೊನೆಯ ವಾರದ ರೇಸ್ ಒಂದು ಗಂಟೆ ತಪ್ಪಿಹೋದರೆ ತುಂಬಾ ನೋವಾಗುತ್ತದೆ.

ವಿಶ್ವಕಪ್ ಶುರುವಾಗುವ ಮುಂಚೆ, ನವೆಂಬರ್ ಮಧ್ಯದಲ್ಲಿ, ನಾರ್ವೆಯವರು ಬೈಟೊಸ್ಟೋಲೆನ್‌ನಲ್ಲಿ, ಫಿನ್ಲೆಂಡ್‌ನವರು ಮುವೊನಿಯೊದ ಓಲೋಸ್‌ನಲ್ಲಿ ತಮ್ಮ ತಮ್ಮ ದೇಶದ ರೇಸ್ ನಡೆಸುತ್ತಾರೆ. ಇದನ್ನು ನೋಡಲೇಬೇಕು ಅಂತೇನಿಲ್ಲ, ಫಲಿತಾಂಶ ಮಾತ್ರ ನೋಡಿ. ನಾರ್ವೆಯ ತಂಡದಲ್ಲಿ ಜಾಗ ಸಿಗುವುದೇ ಎಷ್ಟೋ ಜನರಿಗೆ ವಿಶ್ವಕಪ್‌ನಲ್ಲಿ ಮೊದಲ ಹತ್ತರೊಳಗೆ ಬರುವುದಕ್ಕಿಂತ ಕಷ್ಟ.

ನವೆಂಬರ್ ಕೊನೆಯಲ್ಲಿ ಫಿನ್ಲೆಂಡಿನ ರುಕಾ. ಅಲ್ಲಿ ಸಾಮಾನ್ಯವಾಗಿ ಮೂರು ದಿನ, ಮೂರು ರೇಸ್, ಚಳಿ ಕಡು, ಬೆಳಕು ಕಡಿಮೆ. ಡಿಸೆಂಬರ್‌ನಲ್ಲಿ ಹೆಚ್ಚಿನ ವರ್ಷ ಲಿಲ್ಲೆಹಾಮ್ಮರ್, ದಾವೋಸ್ ಥರದ ಜಾಗಗಳು. ದಾವೋಸ್ ಸಮುದ್ರ ಮಟ್ಟದಿಂದ ಸುಮಾರು 1,500 ಮೀಟರ್ ಮೇಲಿದೆ, ಗಾಳಿ ತೆಳು. ಶುರುವಿನಲ್ಲಿ ಜೋರು ಮಾಡಿದವರು ಕೊನೆಯಲ್ಲಿ ಉಸಿರಿಗಾಗಿ ಪರದಾಡುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ಡಿಸೆಂಬರ್ ಕೊನೆಗೆ ಟೂರ್ ಡಿ ಸ್ಕೀ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಜನವರಿ ಸ್ವಲ್ಪ ತಣ್ಣಗೆ. ಫೆಬ್ರವರಿ-ಮಾರ್ಚ್‌ನಲ್ಲಿ ಬೆಸ ವರ್ಷವಾದರೆ ವಿಶ್ವ ಚಾಂಪಿಯನ್‌ಷಿಪ್, ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್. ಮಾರ್ಚ್‌ನಲ್ಲಿ ಹೋಲ್ಮೆನ್‌ಕೋಲೆನ್, ದ್ರಾಮ್ಮೆನ್, ಲಾಹ್ತಿ, ಫಾಲುನ್ ಥರದ ಹಳೆಯ ಹೆಸರುಗಳು, ಜಾಗಗಳು ವರ್ಷವರ್ಷಕ್ಕೆ ಸ್ವಲ್ಪ ಅದಲುಬದಲಾಗುತ್ತವೆ.

ಆ ಸೀಸನ್‌ನಲ್ಲಿ ದೊಡ್ಡ ಕೂಟ ಇದೆಯಾ ಇಲ್ಲವಾ ಅನ್ನುವುದನ್ನು ಮೊದಲೇ ನೋಡಿಕೊಳ್ಳಿ. ಇದ್ದರೆ ಕೆಲವರು ಜನವರಿಯಲ್ಲಿ ಸುಮ್ನೆ ಕಾಣೆಯಾಗುತ್ತಾರೆ. ಗಾಯ ಏನೂ ಇರುವುದಿಲ್ಲ, ಎತ್ತರದ ಜಾಗಕ್ಕೆ ತರಬೇತಿಗೆ ಹೋಗಿರುತ್ತಾರೆ. ಎರಡೂ ಇಲ್ಲದ ವರ್ಷವಾದರೆ ಒಟ್ಟು ವಿಶ್ವಕಪ್ ಟ್ರೋಫಿಗೇ ಎಲ್ಲರ ಕಣ್ಣು. ನನಗೆ ಆ ವರ್ಷಗಳೇ ಹೆಚ್ಚು ಇಷ್ಟ, ಯಾಕೆಂದರೆ ಪ್ರತಿ ವಾರವೂ ತೂಕದ್ದೇ.

ನಾಲ್ಕನೇ ಹೆಜ್ಜೆ: ಎರಡು ಪರದೆ ಇಟ್ಟುಕೊಳ್ಳಿ

ಪ್ರಸಾರದ ಹಕ್ಕು ದೇಶದಿಂದ ದೇಶಕ್ಕೆ ಬೇರೆ, ವರ್ಷವರ್ಷಕ್ಕೂ ಬದಲಾಗುತ್ತದೆ. ಅದಕ್ಕೆ ಅಕ್ಟೋಬರ್‌ನಲ್ಲೇ ನಿಮ್ಮಲ್ಲಿ ಯಾರ ಬಳಿ ಇದೆ ಅಂತ ನೋಡಿಕೊಳ್ಳಿ. ಆದರೆ ವಿಡಿಯೊಗಿಂತ ಮುಖ್ಯ ಎರಡನೇ ಪರದೆ: ಫಿಸ್‌ನ ಲೈವ್ ಟೈಮಿಂಗ್. ಅದು ಉಚಿತ. ಫೋನಿನಲ್ಲಿ ತೆರೆದು ಪಕ್ಕದಲ್ಲಿಡಿ. ವಿಡಿಯೊ ಸಿಗದ ದಿನ ಬರೀ ಲೈವ್ ಟೈಮಿಂಗ್ ನೋಡಿಯೇ ಇಡೀ ರೇಸ್ ಅನುಭವಿಸಬಹುದು, ನಾನು ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಸಂಖ್ಯೆ ಬದಲಾಗುವುದನ್ನೇ ನೋಡುತ್ತಾ ಕೈ ಬೆವರಿದ್ದಿದೆ.

ವಿಡಿಯೊ ಪ್ರಸಾರ ಕೆಲವೊಮ್ಮೆ ಲೈವ್ ಟೈಮಿಂಗ್‌ಗಿಂತ ಅರ್ಧ ನಿಮಿಷ ಹಿಂದಿರುತ್ತದೆ. ಸ್ಪ್ರಿಂಟ್ ದಿನ ಫೋನ್ ಮುಚ್ಚಿಟ್ಟು ನೋಡಿ, ಇಲ್ಲದಿದ್ದರೆ ಫಲಿತಾಂಶ ಮೊದಲೇ ಗೊತ್ತಾಗಿಬಿಡುತ್ತದೆ.

ಐದನೇ ಹೆಜ್ಜೆ: ಗಡಿಯಾರ ಓದುವುದು

ನನ್ನ ಕಣ್ಣಿಗೆ ಇಂಟರ್ವಲ್ ಸ್ಟಾರ್ಟ್ ರೇಸೇ ಈ ಆಟದ ಜೀವ. ಇಲ್ಲಿ ಯಾರ ಬೆನ್ನ ಹಿಂದೆ ಅಡಗಿಕೊಳ್ಳುವುದಕ್ಕೂ ಆಗುವುದಿಲ್ಲ. ಸ್ಕೀಯರ್, ಹಿಮ, ಗಡಿಯಾರ, ಅಷ್ಟೇ.

ದಾರಿಯುದ್ದಕ್ಕೂ ಕೆಲವು ಕಡೆ ಸಮಯ ಅಳೆಯುತ್ತಾರೆ. 10 ಕಿ.ಮೀ. ರೇಸಿನಲ್ಲಿ ಅಂಥ ಮೂರು ನಾಲ್ಕು ಜಾಗ ಇರುತ್ತವೆ ಅಂದುಕೊಳ್ಳಿ. ಒಬ್ಬ ಸ್ಕೀಯರ್ ಮೊದಲ ಜಾಗದಲ್ಲಿ ಮುನ್ನಡೆದವನಿಗಿಂತ 6 ಸೆಕೆಂಡ್ ಹಿಂದೆ, ಎರಡನೆಯದರಲ್ಲಿ 5 ಸೆಕೆಂಡ್ ಹಿಂದೆ, ಮೂರನೆಯದರಲ್ಲಿ 2 ಸೆಕೆಂಡ್ ಹಿಂದೆ. ಹೊಸಬರ ಕಣ್ಣಿಗೆ ಅವನು ಮೂರೂ ಕಡೆ ಹಿಂದೆಯೇ ಇದ್ದಾನೆ. ಗಡಿಯಾರ ಓದುವವರ ಕಣ್ಣಿಗೆ ಅವನು ಗೆಲ್ಲುತ್ತಿದ್ದಾನೆ. ಕೊನೆಯ ಒಂದೂವರೆ ಕಿಲೋಮೀಟರ್ ಉಳಿದಿರುವಾಗ ಆ ಎರಡು ಸೆಕೆಂಡ್ ಕರಗುತ್ತಾ ಹೋಗುವುದನ್ನು ಕಾಯುವುದಿದೆಯಲ್ಲ, ಅದರ ಮುಂದೆ ಬೇರೆ ಯಾವ ಆಟವೂ ನನಗೆ ರುಚಿಸುವುದಿಲ್ಲ.

ಹಾಗಾಗಿ ಅಂತರವನ್ನು ನೋಡಬೇಡಿ, ಅಂತರ ಯಾವ ಕಡೆ ಸಾಗುತ್ತಿದೆ ಅಂತ ನೋಡಿ. ಒಂದು ಕಾಗದದ ಮೇಲೆ ಐದಾರು ಹೆಸರು ಬರೆದು, ಪ್ರತಿ ಜಾಗದ ಅಂತರವನ್ನು ಪಕ್ಕದಲ್ಲಿ ಬರೆಯುತ್ತಾ ಹೋಗಿ. ಮೂರು ರೇಸ್ ಹಾಗೆ ಬರೆದರೆ ಒಬ್ಬೊಬ್ಬರ ಗುಣ ತಾನಾಗಿ ಕಾಣಿಸುತ್ತದೆ. ಕೆಲವರು ಬೆಂಕಿಯ ಹಾಗೆ ಹೊರಟು 7 ಕಿ.ಮೀ.ನಲ್ಲಿ ಕುಸಿಯುತ್ತಾರೆ. ಕೆಲವರು ಮೊದಲ ಸುತ್ತಿನಲ್ಲಿ ಹದಿನೈದನೇ ಸ್ಥಾನದಲ್ಲಿದ್ದು ಕೊನೆಗೆ ನಾಲ್ಕಕ್ಕೆ ಬರುತ್ತಾರೆ. ಈ ಗುಣ ಸಾಮಾನ್ಯವಾಗಿ ಒಂದು ವಾರದಿಂದ ಇನ್ನೊಂದು ವಾರಕ್ಕೆ ಬದಲಾಗುವುದಿಲ್ಲ, ಹಾಗಾಗಿ ಬದಲಾದ ದಿನ ಏನೋ ಆಗಿದೆ ಅಂತ ತಿಳಿಯಿರಿ: ಜ್ವರ ಬಂದು ಹೋಗಿರಬಹುದು, ಸ್ಕೀ ಕೈ ಕೊಟ್ಟಿರಬಹುದು, ಅಥವಾ ಫಾರ್ಮ್ ಏರುತ್ತಿರಬಹುದು.

ಇನ್ನೊಂದು ಸೂಕ್ಷ್ಮ ಇದೆ. ಯಾರು ಮೊದಲು ಹೊರಟರು, ಯಾರು ನಂತರ ಹೊರಟರು ಅನ್ನುವುದು. ನಂತರ ಹೊರಟವರಿಗೆ ಕೋಚ್‌ಗಳು ಮುಂದಿನವರ ಸಮಯವನ್ನು ದಾರಿ ಪಕ್ಕದಿಂದ ಕೂಗಿ ಹೇಳುತ್ತಾರೆ. ಮೊದಲು ಹೊರಟವರಿಗೆ ಅಂಥ ಗುರಿ ಇಲ್ಲ, ಕತ್ತಲಲ್ಲಿ ಓಡಿದ ಹಾಗೆ. ಜೊತೆಗೆ ರೇಸ್ ನಡುವೆ ಹಿಮ ಬೀಳೋಕೆ ಶುರುವಾದರೆ ನಂತರದವರಿಗೆ ದಾರಿ ನಿಧಾನವಾಗುತ್ತದೆ. ಸುತ್ತು ಚಿಕ್ಕದಾಗಿದ್ದರೆ, ಎರಡನೇ ಸುತ್ತಿಗೆ ಬಂದವರಿಗೆ ಆಗಷ್ಟೇ ಮೊದಲ ಸುತ್ತಿಗೆ ಹೊರಟ ಚುರುಕಾದ ಸ್ಕೀಯರ್ ಒಬ್ಬರು ಸಿಗಬಹುದು, ಅವರ ಬೆನ್ನು ಹಿಡಿದು ಸ್ವಲ್ಪ ದೂರ ಹೋದರೆ ನಾಲ್ಕೈದು ಸೆಕೆಂಡ್ ಲಾಭ. ಪಟ್ಟಿಯಲ್ಲಿ ಯಾರೋ ಇದ್ದಕ್ಕಿದ್ದ ಹಾಗೆ ವೇಗವಾದರೆ ಅವರ ಮುಂದೆ ಯಾರಿದ್ದಾರೆ ಅಂತ ನೋಡಿ.

ಮತ್ತೆ ಏರುಗಳು. ಫಿಸ್ ಒಪ್ಪಿದ ದಾರಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಏರು, ಮೂರನೇ ಒಂದು ಭಾಗ ಇಳಿಜಾರು, ಉಳಿದದ್ದು ಏರಿಳಿತದ ಜಾಗ. ದೂರದ ಲೆಕ್ಕದಲ್ಲಿ ಸಮ, ಸಮಯದ ಲೆಕ್ಕದಲ್ಲಿ ಅಲ್ಲ. ಏರಿನಲ್ಲೇ ಹೆಚ್ಚು ಹೊತ್ತು ಕಳೆಯುವುದರಿಂದ ರೇಸ್ ತೀರ್ಮಾನವಾಗುವುದೂ ಅಲ್ಲೇ. ಅದರಲ್ಲೂ ಏರಿನ ತುದಿ ದಾಟುವ ಹತ್ತು ಹದಿನೈದು ಸೆಕೆಂಡ್ ಗಮನಿಸಿ. ದಣಿದವರು ತುದಿಗೆ ಬಂದು ಉಸಿರು ಬಿಡುತ್ತಾರೆ. ಗೆಲ್ಲುವವರು ಅಲ್ಲೇ ಇನ್ನೂ ನಾಲ್ಕು ಹೆಜ್ಜೆ ಜೋರಾಗಿ ಹಾಕಿ ಆ ವೇಗವನ್ನು ಇಳಿಜಾರಿಗೆ ಹೊತ್ತುಕೊಂಡು ಹೋಗುತ್ತಾರೆ.

ಸ್ಪ್ರಿಂಟ್ ದಿನ

ಸ್ಪ್ರಿಂಟ್ ಬೇರೆಯೇ ಲೋಕ. ಮೊದಲು ಅರ್ಹತಾ ಸುತ್ತು, ಒಬ್ಬೊಬ್ಬರೇ, ಗಡಿಯಾರದ ವಿರುದ್ಧ, ಸುಮಾರು ಮೂರು ನಿಮಿಷದ ಓಟ. ಮೊದಲ 30 ಜನ ಮುಂದಕ್ಕೆ. ಆಮೇಲೆ ಆರಾರು ಜನರ ಐದು ಕ್ವಾರ್ಟರ್ ಫೈನಲ್. ಪ್ರತಿಯೊಂದರಿಂದ ಮೊದಲ ಇಬ್ಬರು, ಜೊತೆಗೆ ಉಳಿದವರಲ್ಲಿ ಅತಿ ವೇಗದ ಸಮಯ ಇರುವ ಇಬ್ಬರು, ಇವರನ್ನು ಲಕ್ಕಿ ಲೂಸರ್ ಅನ್ನುತ್ತಾರೆ. ಒಟ್ಟು 12 ಜನ ಎರಡು ಸೆಮಿಫೈನಲ್‌ಗೆ, ಅಲ್ಲಿಂದ ಆರು ಜನ ಫೈನಲ್‌ಗೆ.

ಫೈನಲ್‌ನಲ್ಲಿ ಯಾರಿಗೆ ಕಾಲು ಉಳಿದಿದೆ ಅನ್ನುವುದೇ ಪ್ರಶ್ನೆ. ಮೊದಲ ಸೆಮಿಫೈನಲ್ ಓಡಿದವರಿಗೆ ಎರಡನೆಯದನ್ನು ಓಡಿದವರಿಗಿಂತ ಕೆಲವು ನಿಮಿಷ ಹೆಚ್ಚು ವಿಶ್ರಾಂತಿ ಸಿಗುತ್ತದೆ, ಆ ಕೆಲವು ನಿಮಿಷ ದೊಡ್ಡದು. ಲಕ್ಕಿ ಲೂಸರ್ ಆಗಿ ಬಂದವರು ಇದ್ದ ಶಕ್ತಿಯೆಲ್ಲಾ ಸುರಿದು ಬಂದಿರುತ್ತಾರೆ, ಅವರು ಫೈನಲ್ ಗೆಲ್ಲುವುದು ಅಪರೂಪ. ಕ್ವಾರ್ಟರ್ ಫೈನಲ್‌ನಲ್ಲಿ ಯಾರು ಕೊನೆಯ ನೂರು ಮೀಟರ್ ನಿರಾಳವಾಗಿ ತಲೆ ಎತ್ತಿ ಪಕ್ಕಕ್ಕೆ ನೋಡುತ್ತಾ ಬಂದರು ಅಂತ ಗುರುತಿಟ್ಟುಕೊಳ್ಳಿ.

ಕ್ಲಾಸಿಕ್ ಸ್ಪ್ರಿಂಟ್‌ನಲ್ಲಿ ನಾರ್ವೆಯ ಯೊಹಾನೆಸ್ ಕ್ಲೇಬೊ ಏರಿನ ಮೇಲೆ ಓಡುವುದನ್ನು ಒಮ್ಮೆಯಾದರೂ ನೋಡಿ. ಓಡುವುದು ಅಂದರೆ ನಿಜವಾಗಿಯೂ ಓಡುವುದು, ಕಾಲಿಗೆ ಸ್ಕೀ ಇದೆ ಅನ್ನುವುದೇ ಮರೆತ ಹಾಗೆ ಪುಟ್ಟಪುಟ್ಟ ಹೆಜ್ಜೆ ಹಾಕುತ್ತಾ ಮೇಲಕ್ಕೆ ಹಾರುತ್ತಾರೆ. ಮೊದಮೊದಲು ಅದು ಅವರೊಬ್ಬರದೇ ಅಸ್ತ್ರವಾಗಿತ್ತು. ಈಗ ಉಳಿದವರೂ ಕಲಿತಿದ್ದಾರೆ, ಆದರೆ ಅಷ್ಟು ಹಗುರವಾಗಿ ಮಾಡುವವರನ್ನು ನಾನು ಇನ್ನೂ ನೋಡಿಲ್ಲ. 2025ರಲ್ಲಿ ತಮ್ಮದೇ ಊರಾದ ಟ್ರಾಂಡ್‌ಹೈಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಆರಕ್ಕೆ ಆರೂ ಚಿನ್ನ ಗೆದ್ದರು, ಸ್ಪ್ರಿಂಟ್‌ನಿಂದ ಹಿಡಿದು 50 ಕಿ.ಮೀ.ವರೆಗೆ. ಮೂರು ನಿಮಿಷದ ಓಟಗಾರನೇ ಎರಡು ಗಂಟೆಯ ಓಟಗಾರನೂ ಆಗುವುದು ಎಷ್ಟು ಅಸಾಧ್ಯ ಅಂತ ಒಂದು ಸೀಸನ್ ನೋಡಿದ ಮೇಲೆ ನಿಮಗೇ ಗೊತ್ತಾಗುತ್ತದೆ.

ಆರನೇ ಹೆಜ್ಜೆ: ಹಿಮ ಓದುವುದು

ಒಬ್ಬ ಚಾಂಪಿಯನ್ ಇದ್ದಕ್ಕಿದ್ದ ಹಾಗೆ 38ನೇ ಸ್ಥಾನಕ್ಕೆ ಬಿದ್ದರೆ ಮೊದಲು ಅವರ ಕಾಲಿನ ಕೆಳಗೆ ನೋಡಿ.

ಕ್ಲಾಸಿಕ್ ಸ್ಕೀ ಎರಡು ವಿರುದ್ಧ ಕೆಲಸ ಮಾಡಬೇಕು. ಜಾರಬೇಕು, ಹಿಡಿಯಲೂ ಬೇಕು. ಅದಕ್ಕೇ ಸ್ಕೀ ನಡುವೆ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿರುತ್ತದೆ. ಪಾದದ ಕೆಳಗಿನ ಆ ಭಾಗಕ್ಕೆ ಹಿಡಿತದ ವ್ಯಾಕ್ಸ್, ಅಂದರೆ ಮೇಣದಂಥ ಪದಾರ್ಥ, ಹಚ್ಚುತ್ತಾರೆ, ಮುಂದೆ ಹಿಂದೆ ಜಾರುವ ವ್ಯಾಕ್ಸ್. ಎರಡೂ ಕಾಲ ಮೇಲೆ ಭಾರ ಹಂಚಿದ್ದಾಗ ನಡುಭಾಗ ಹಿಮಕ್ಕೆ ತಾಗುವುದಿಲ್ಲ, ಸ್ಕೀ ಜಾರುತ್ತದೆ. ಒಂದೇ ಕಾಲ ಮೇಲೆ ಪೂರ್ತಿ ಭಾರ ಹಾಕಿ ಒತ್ತಿದಾಗ ಆ ವ್ಯಾಕ್ಸ್ ಹಿಮವನ್ನು ಕಚ್ಚುತ್ತದೆ, ಮುಂದಕ್ಕೆ ನೂಕುತ್ತದೆ.

ಒಣ ತಣ್ಣನೆಯ ಹೊಸ ಹಿಮಕ್ಕೆ ಗಟ್ಟಿ ವ್ಯಾಕ್ಸ್ ಸಾಕು. ಕರಗಿ ಮತ್ತೆ ಹೆಪ್ಪುಗಟ್ಟಿದ ಒರಟು ಹಿಮಕ್ಕೆ ಕ್ಲಿಸ್ಟರ್ ಅಂತ ಅಂಟಂಟಾದ ಪದಾರ್ಥ ಬೇಕು. ಕಷ್ಟ ಇರುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಅದರ ಜೊತೆ ಹೊಸ ಹಿಮ ಬೀಳುತ್ತಿದ್ದರೆ ಮುಗಿದೇಹೋಯಿತು. ಬಿಸಿಲಿರುವ ಕಡೆ ಹಿಮ ಒದ್ದೆ, ನೆರಳಿನ ಕಡೆ ಒಣ, ಒಂದೇ ವ್ಯಾಕ್ಸ್ ಎರಡಕ್ಕೂ ಆಗುವುದಿಲ್ಲ. ಇಂಥ ದಿನ ಕೆಲವರು ವ್ಯಾಕ್ಸ್ ಬಿಟ್ಟು ಸ್ಕೀಯ ಅಡಿಭಾಗವನ್ನೇ ಉಜ್ಜಿ ಒರಟು ಮಾಡಿದ ಝೀರೋ ಸ್ಕೀ ಹಾಕುತ್ತಾರೆ.

ಪರದೆಯಲ್ಲಿ ಏನು ನೋಡಬೇಕು? ಏರಿನಲ್ಲಿ ಒದ್ದಾಗ ಕಾಲು ಹಿಂದಕ್ಕೆ ಜಾರಿತು ಅಂದರೆ ಹಿಡಿತ ಇಲ್ಲ. ಗೆರೆ ಬಿಟ್ಟು ಬದಿಯ ಹಿಮದ ಮೇಲೆ ಹೋಗುತ್ತಿದ್ದರೆ ಹಿಡಿತ ಹುಡುಕುತ್ತಿದ್ದಾರೆ. ಸ್ಕೀಯನ್ನು ನೆಲಕ್ಕೆ ಕುಟ್ಟುತ್ತಿದ್ದರೆ ಅಡಿಗೆ ಹಿಮ ಮೆತ್ತಿಕೊಂಡಿದೆ. ಇಳಿಜಾರಿನಲ್ಲಿ ಇಬ್ಬರೂ ಒಂದೇ ರೀತಿ ಕುಕ್ಕರಗಾಲಿನಲ್ಲಿ ಕೂತಿದ್ದರೂ ಒಬ್ಬರು ಏನೂ ಮಾಡದೆ ಇನ್ನೊಬ್ಬರನ್ನು ದಾಟಿದರೆ, ಅದು ವ್ಯಾಕ್ಸ್ ಹಚ್ಚಿದವರ ಗೆಲುವು. ಬೆಳಗಿನ ಜಾವ ಎದ್ದು ಹತ್ತಾರು ಜೋಡಿ ಸ್ಕೀಗಳನ್ನು ಕತ್ತಲಲ್ಲಿ ಪರೀಕ್ಷೆ ಮಾಡುವ ಆ ಜನರ ಹೆಸರು ಯಾವ ಫಲಿತಾಂಶದ ಪಟ್ಟಿಯಲ್ಲೂ ಬರುವುದಿಲ್ಲ. ಅವರನ್ನು ನೆನೆಯದೆ ನಾನು ಕ್ಲಾಸಿಕ್ ರೇಸ್ ನೋಡುವುದಿಲ್ಲ.

ಒಂದು ದೇಶದ ಎಲ್ಲರೂ ಒಂದೇ ದಿನ ಕೆಟ್ಟದಾಗಿ ಓಡಿದರೆ ವ್ಯಾಕ್ಸ್ ತಪ್ಪಿದೆ ಅಂತ ಅರ್ಥ. ಒಬ್ಬರೇ ಕೆಟ್ಟದಾಗಿ ಓಡಿದರೆ ಮೈ ಸರಿಯಿಲ್ಲ ಅಂತ ಅರ್ಥ. ಹೆಚ್ಚಿನ ಸಲ ಈ ಲೆಕ್ಕ ಸರಿಹೋಗುತ್ತದೆ. 2023-24ರಿಂದ ಫ್ಲೋರಿನ್ ಇರುವ ವ್ಯಾಕ್ಸ್‌ಗೆ ಪೂರ್ತಿ ನಿಷೇಧ ಇದೆ, ಪರಿಸರಕ್ಕೂ ಹಚ್ಚುವವರ ಆರೋಗ್ಯಕ್ಕೂ ಅದು ಕೆಟ್ಟದ್ದು. ಸ್ಕೀ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ರೇಸ್‌ನಿಂದ ಹೊರಗೆ.

ರೇಸಿನ ಬೆಳಿಗ್ಗೆ ಆ ಊರಿನ ಹವಾಮಾನ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೈನಸ್ 8 ಇದ್ದರೆ ನಿರಾಳ. ಸೊನ್ನೆ ಮತ್ತು ಹಿಮಪಾತ ಇದ್ದರೆ ಅಚ್ಚರಿಗೆ ಸಿದ್ಧರಾಗಿ. ದಾರಿಯ ಅತಿ ತಣ್ಣನೆಯ ಜಾಗದಲ್ಲಿ ಮೈನಸ್ 20ಕ್ಕಿಂತ ಕೆಳಗೆ ಹೋದರೆ ರೇಸ್ ಮುಂದೆ ಹೋಗುತ್ತದೆ ಅಥವಾ ರದ್ದಾಗುತ್ತದೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಳಿ ಮತ್ತು ಗಾಳಿಯಿಂದ ಪುರುಷರ 50 ಕಿ.ಮೀ. ರೇಸನ್ನು 30ಕ್ಕೆ ಇಳಿಸಿದ್ದರು.

ಪಾಯಿಂಟ್ ಲೆಕ್ಕ

ಗೆದ್ದವರಿಗೆ 100, ಎರಡನೆಯವರಿಗೆ 95, ಮೂರನೆಯವರಿಗೆ 90, ಹೀಗೆ ಇಳಿಯುತ್ತಾ ಮೊದಲ 50 ಜನರಿಗೆ ಪಾಯಿಂಟ್ ಸಿಗುತ್ತದೆ. ಹಿಂದೆ ಇದು 100, 80, 60 ಅಂತ ಇತ್ತು, 30 ಜನರಿಗೆ ಮಾತ್ರ. ವ್ಯತ್ಯಾಸ ದೊಡ್ಡದು. ಎರಡು ಸಲ ಐದನೇ ಸ್ಥಾನಕ್ಕೆ ಬಂದವರಿಗೆ ಹಿಂದೆ ಒಟ್ಟು 90 ಸಿಗುತ್ತಿತ್ತು, ಒಂದೇ ಸಲ ಗೆದ್ದವರಿಗಿಂತ ಕಡಿಮೆ. ಈಗ 160 ಸಿಗುತ್ತದೆ. ಅಂದರೆ ಗೆಲ್ಲುವುದಕ್ಕಿಂತ ಬರುತ್ತಲೇ ಇರುವುದು ಮುಖ್ಯ. ಒಂದು ವಾರಾಂತ್ಯ ತಪ್ಪಿಸಿಕೊಂಡವರು ಅದನ್ನು ತುಂಬಿಕೊಳ್ಳೋಕೆ ತಿಂಗಳು ಹೆಣಗಬೇಕು. 2022-23ರಲ್ಲಿ ಮಹಿಳೆಯರ ವಿಶ್ವಕಪ್ ಗೆದ್ದ ನಾರ್ವೆಯ ತಿರಿಲ್ ವೆಂಗ್ ಆ ಸೀಸನ್‌ನಲ್ಲಿ ಒಂದೂ ವೈಯಕ್ತಿಕ ರೇಸ್ ಗೆದ್ದಿರಲಿಲ್ಲ. ಕೆಲವರಿಗೆ ಇದು ಸರಿ ಅನಿಸುವುದಿಲ್ಲ. ನಾಲ್ಕು ತಿಂಗಳು, ಎಲ್ಲ ಬಗೆಯ ರೇಸ್, ಕಾಯಿಲೆ ಬೀಳದೆ ಮುಂಚೂಣಿಯಲ್ಲಿ ಉಳಿದದ್ದು ಸಣ್ಣ ಸಾಧನೆಯಲ್ಲ ಅಂತಲೇ ನಾನು ಹೇಳುತ್ತೇನೆ.

ಒಟ್ಟು ಪಟ್ಟಿಯಲ್ಲಿ ಮುಂದಿರುವವರು ಹಳದಿ ಬಿಬ್, ಅಂದರೆ ಸಂಖ್ಯೆ ಇರುವ ಮೇಲಂಗಿ, ತೊಡುತ್ತಾರೆ. ದೂರದಿಂದಲೂ ಗುರುತು ಸಿಗುತ್ತದೆ.

ಏಳನೇ ಹೆಜ್ಜೆ: ಟೂರ್ ಡಿ ಸ್ಕೀಗೆ ಒಂದು ವಾರ ಬಿಡುವು ಮಾಡಿಕೊಳ್ಳಿ

ಇಡೀ ಸೀಸನ್ ನೋಡೋಕೆ ಆಗದಿದ್ದರೆ ಇದೊಂದನ್ನಾದರೂ ನೋಡಿ. 2006-07ರಲ್ಲಿ ಶುರುವಾಯಿತು, ವರ್ಷದ ಕೊನೆಯಿಂದ ಹೊಸ ವರ್ಷದ ಮೊದಲ ದಿನಗಳವರೆಗೆ. ಒಂದು ವಾರ ಚಿಲ್ಲರೆ ದಿನಗಳಲ್ಲಿ ಆರೇಳು ರೇಸ್, ಎಲ್ಲದರ ಸಮಯ ಕೂಡಿಸಿ ಒಬ್ಬ ವಿಜೇತರು. ಒಟ್ಟು ಗೆದ್ದವರಿಗೆ 300 ಪಾಯಿಂಟ್, ಅಂದರೆ ಮೂರು ರೇಸ್ ಗೆದ್ದಷ್ಟು, ಹಂತಗಳ ಪಾಯಿಂಟ್ ಬೇರೆ.

ಸ್ಪ್ರಿಂಟರ್‌ಗಳು ಮೊದಲ ದಿನಗಳಲ್ಲಿ ಬೋನಸ್ ಸೆಕೆಂಡ್, ಅಂದರೆ ಒಟ್ಟು ಸಮಯದಿಂದ ಕಳೆಯುವ ಸೆಕೆಂಡ್, ಕೂಡಿಹಾಕುತ್ತಾರೆ. ದೂರದ ಓಟಗಾರರು ದಿನದಿನಕ್ಕೂ ಆ ಸೆಕೆಂಡ್‌ಗಳನ್ನು ಕೊರೆಯುತ್ತಾರೆ. ನಡುವೆ ಯಾರಿಗೋ ಗಂಟಲು ಕೆಡುತ್ತದೆ, ಮನೆಗೆ ಹೋಗುತ್ತಾರೆ. ಕೊನೆಯ ದಿನ ಇಟಲಿಯ ವಾಲ್ ದಿ ಫಿಯೆಮ್ಮೆಯಲ್ಲಿ ಆಲ್ಪೆ ಚೆರ್ಮಿಸ್ ಬೆಟ್ಟ. ಆಲ್ಪೈನ್ ಸ್ಕೀಯರ್‌ಗಳು ಇಳಿಯುವ ಇಳಿಜಾರನ್ನು ಇವರು ಹತ್ತುತ್ತಾರೆ. ಕೆಲವು ಕಡೆ ಏರು ಶೇ. 28ರಷ್ಟು ಕಡಿದು. ಅಲ್ಲಿ ಸ್ಕೀ ಜಾರುವುದೇ ಇಲ್ಲ, ಪ್ರತಿ ಹೆಜ್ಜೆಯೂ ಎತ್ತಿ ಇಡಬೇಕು. ತುದಿ ತಲುಪಿದವರು ಅಲ್ಲೇ ಹಿಮದ ಮೇಲೆ ಬೀಳುತ್ತಾರೆ, ನಿಮಿಷಗಟ್ಟಲೆ ಏಳುವುದಿಲ್ಲ. ನಾರ್ವೆಯ ತೆರೆಸೆ ಯೋಹಾಗ್ ಆ ಬೆಟ್ಟದ ಮೇಲೆ ಪುಟ್ಟ ಹೆಜ್ಜೆಗಳಲ್ಲಿ ಎಲ್ಲರನ್ನೂ ಬಿಟ್ಟು ಹೋಗುತ್ತಿದ್ದದ್ದನ್ನು ಹಳೆಯ ವಿಡಿಯೊಗಳಲ್ಲಿ ಹುಡುಕಿ ನೋಡಿ. 2022ರಲ್ಲಿ ನಿವೃತ್ತಿ ಪಡೆದು, ತಾಯಿಯಾಗಿ, 2024-25ರಲ್ಲಿ ಮರಳಿ ಬಂದು ಅವರು ಟೂರ್ ಅನ್ನು ನಾಲ್ಕನೇ ಸಲ ಗೆದ್ದರು.

ಕೊನೆಯ ದಿನ ಮೂವತ್ತನೇ ಸ್ಥಾನದವರನ್ನೂ ನೋಡಿ. ಗೆಲ್ಲುವ ಆಸೆಯೇ ಇಲ್ಲದೆ ಆ ಬೆಟ್ಟ ಹತ್ತುವವರ ಮುಖ ನನಗೆ ಮೊದಲ ಸ್ಥಾನಕ್ಕಿಂತ ಹೆಚ್ಚು ನೆನಪಿರುತ್ತದೆ.

ತೀರ್ಪು ಬರುವವರೆಗೆ ಎದ್ದು ಹೋಗಬೇಡಿ

ಮಾಸ್ ಸ್ಟಾರ್ಟ್ ಮತ್ತು ಸ್ಪ್ರಿಂಟ್‌ನಲ್ಲಿ ಗೆರೆ ದಾಟಿದ ಮೇಲೂ ಫಲಿತಾಂಶ ಬದಲಾಗಬಹುದು. 2021ರ ಓಬರ್ಸ್ಟ್‌ಡೋರ್ಫ್ ವಿಶ್ವ ಚಾಂಪಿಯನ್‌ಷಿಪ್‌ನ 50 ಕಿ.ಮೀ. ಕ್ಲಾಸಿಕ್ ಇದಕ್ಕೆ ಸಾಕ್ಷಿ. ಕೊನೆಯ ನೂರಾರು ಮೀಟರ್‌ನಲ್ಲಿ ಕ್ಲೇಬೊ ಮತ್ತು ರಷ್ಯಾದ ಅಲೆಕ್ಸಾಂಡರ್ ಬೊಲ್ಶುನೋವ್ ತಗುಲಿಕೊಂಡರು, ಬೊಲ್ಶುನೋವ್ ಅವರ ಕೋಲು ಮುರಿಯಿತು. ಕ್ಲೇಬೊ ಮೊದಲು ಗೆರೆ ದಾಟಿದರು, ಆದರೆ ಅಡ್ಡಿ ಮಾಡಿದರು ಅಂತ ಅನರ್ಹಗೊಂಡರು. ಎರಡನೆಯವರಾಗಿ ಬಂದಿದ್ದ ನಾರ್ವೆಯವರೇ ಆದ ಎಮಿಲ್ ಈವರ್ಸನ್‌ಗೆ ಚಿನ್ನ ಹೋಯಿತು. ಎರಡು ಗಂಟೆ ಓಡಿ ಹತ್ತು ಸೆಕೆಂಡಿನಲ್ಲಿ ಎಲ್ಲ ಕಳೆದುಕೊಂಡ ಆ ಮುಖ ನೋಡಿದವರು ನಿಯಮ ಓದೋಕೆ ಶುರು ಮಾಡುತ್ತಾರೆ. ಮುಖ್ಯವಾಗಿ ಎರಡು ಗೊತ್ತಿರಲಿ: ಇನ್ನೊಬ್ಬರ ದಾರಿಗೆ ಅಡ್ಡ ಬರಬಾರದು, ಕ್ಲಾಸಿಕ್ ರೇಸಿನಲ್ಲಿ ಸ್ಕೇಟಿಂಗ್ ಮಾಡಬಾರದು. ತಪ್ಪಿದರೆ ಹಳದಿ ಕಾರ್ಡ್ ಅಥವಾ ಅನರ್ಹತೆ.

ಹಾಗೆಯೇ ರಿಲೇ ಮತ್ತು ಇಬ್ಬಿಬ್ಬರ ತಂಡದ ಟೀಮ್ ಸ್ಪ್ರಿಂಟ್ ದಿನಗಳನ್ನು ಬಿಡಬೇಡಿ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಟೀಮ್ ಸ್ಪ್ರಿಂಟ್‌ನಲ್ಲಿ ಅಮೆರಿಕದ ಜೆಸ್ಸಿ ಡಿಗ್ಗಿನ್ಸ್ ಮತ್ತು ಕಿಕ್ಕನ್ ರ‍್ಯಾಂಡಲ್ ಜೋಡಿ ಸ್ವೀಡನ್ನನ್ನು 0.19 ಸೆಕೆಂಡಿನಿಂದ ಸೋಲಿಸಿತು. ಕ್ರಾಸ್‌ಕಂಟ್ರಿಯಲ್ಲಿ ಅಮೆರಿಕಕ್ಕೆ ಅದೇ ಮೊದಲ ಚಿನ್ನ.

ಎಂಟನೇ ಹೆಜ್ಜೆ: ಗೆಲ್ಲದ ಒಬ್ಬರನ್ನು ಆರಿಸಿಕೊಳ್ಳಿ

ದೊಡ್ಡ ಹೆಸರುಗಳನ್ನು ಕ್ಯಾಮೆರಾ ತಾನಾಗಿ ತೋರಿಸುತ್ತದೆ. ನೀವು 25ರಿಂದ 40ರ ನಡುವೆ ಇರುವ ಒಬ್ಬರನ್ನು ಆರಿಸಿಕೊಳ್ಳಿ. ಚಿಕ್ಕ ತಂಡದವರಾದರೆ ಇನ್ನೂ ಒಳ್ಳೆಯದು. ಅವರ ಹೆಸರು, ಪ್ರತಿ ರೇಸಿನ ಸ್ಥಾನ, ವಿಜೇತರಿಗಿಂತ ಎಷ್ಟು ಹಿಂದೆ, ಹಿಮ ಹೇಗಿತ್ತು, ಯಾವ ಶೈಲಿ, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಸ್ಥಾನಕ್ಕಿಂತ ಸಮಯದ ಅಂತರ ಮುಖ್ಯ. 34ನೇ ಸ್ಥಾನ ಎರಡು ವಾರ ಒಂದೇ ಇರಬಹುದು, ಆದರೆ ಅಂತರ 1 ನಿಮಿಷ 50 ಸೆಕೆಂಡಿನಿಂದ 1 ನಿಮಿಷ 20ಕ್ಕೆ ಇಳಿದಿದ್ದರೆ ಆ ವ್ಯಕ್ತಿ ಮೇಲೆ ಬರುತ್ತಿದ್ದಾರೆ. ಪಟ್ಟಿ ಇದನ್ನು ಹೇಳುವುದಿಲ್ಲ, ನಿಮ್ಮ ನೋಟ್‌ಬುಕ್ ಹೇಳುತ್ತದೆ. ಫೆಬ್ರವರಿಯಲ್ಲಿ ಒಂದು ದಿನ ಅವರು 17ಕ್ಕೆ ಬಂದಾಗ ಪ್ರಸಾರದಲ್ಲಿ ಯಾರೂ ಹೆಸರು ಎತ್ತುವುದಿಲ್ಲ, ನೀವು ಮಾತ್ರ ಕುರ್ಚಿಯಿಂದ ಎದ್ದು ನಿಂತಿರುತ್ತೀರಿ.

ಮಾರ್ಚ್, ಮತ್ತೆ ಅದರ ನಂತರ

ಮಾರ್ಚ್‌ನಲ್ಲಿ ಎಲ್ಲರೂ ದಣಿದಿರುತ್ತಾರೆ, ಹಿಮವೂ ಕೆಡುತ್ತದೆ. ಅದಕ್ಕೇ ಹೋಲ್ಮೆನ್‌ಕೋಲೆನ್‌ನ 50 ಕಿ.ಮೀ. ಅಷ್ಟು ಕಠಿಣ. 1892ರಿಂದ ಅಲ್ಲಿ ಸ್ಕೀ ಉತ್ಸವ ನಡೆಯುತ್ತಿದೆ. ಜನ ಹಿಂದಿನ ರಾತ್ರಿಯೇ ಕಾಡಿನಲ್ಲಿ ಟೆಂಟ್ ಹಾಕಿ, ಬೆಂಕಿ ಹೊತ್ತಿಸಿ ಕಾಯುತ್ತಾರೆ, ಕೊನೆಯ ಸ್ಕೀಯರ್ ಹೋಗುವವರೆಗೂ ಕೂಗುತ್ತಾರೆ. ಮಂಜು ಕವಿದರೆ ಕ್ಯಾಮೆರಾಗೆ ಏನೂ ಕಾಣುವುದಿಲ್ಲ, ಕೂಗು ಮಾತ್ರ ಕೇಳುತ್ತದೆ. ದ್ರಾಮ್ಮೆನ್‌ನ ಸ್ಪ್ರಿಂಟ್ ಊರ ನಡುವಿನ ಬೀದಿಗಳಲ್ಲಿ, ಕ್ಲಾಸಿಕ್ ಶೈಲಿಯಲ್ಲಿ. ಅಲ್ಲಿ ಕೆಲವರು ಹಿಡಿತದ ವ್ಯಾಕ್ಸ್ ಇಲ್ಲದೆ ಬರೀ ಕೈಬಲದಿಂದ ಇಡೀ ದಾರಿ ತಳ್ಳುತ್ತಾರೆ. ಯಾರು ವ್ಯಾಕ್ಸ್ ಹಾಕಿದ್ದಾರೆ, ಯಾರು ಹಾಕಿಲ್ಲ ಅಂತ ಏರಿನಲ್ಲಿ ಗುರುತು ಹಿಡಿಯಿರಿ.

ಮಾರ್ಚ್‌ನ ಮೊದಲ ಭಾನುವಾರ ಸ್ವೀಡನ್ನಿನ ವಾಸಾಲೊಪ್ಪೆಟ್ ಇದೆ, ಸೇಲೆನ್‌ನಿಂದ ಮೂರಾವರೆಗೆ 90 ಕಿ.ಮೀ., 1922ರಿಂದ. ವಿಶ್ವಕಪ್‌ಗೆ ಸೇರಿಲ್ಲ, ಆದರೂ ಬೆಳಿಗ್ಗೆ ಎದ್ದು ಸಾವಿರಾರು ಜನ ಒಟ್ಟಿಗೆ ಹೊರಡುವ ಆ ಮೊದಲ ಏರನ್ನು ನೋಡಿ.

ಏಪ್ರಿಲ್‌ನಲ್ಲಿ ಎಲ್ಲ ನಿಲ್ಲುತ್ತದೆ. ನೋಟ್‌ಬುಕ್ ಎತ್ತಿಡುವ ಮೊದಲು ಕೊನೆಯ ಪುಟದಲ್ಲಿ ಯಾರು ನಿವೃತ್ತರಾದರು, ಮುಂದಿನ ಸೀಸನ್‌ನಲ್ಲಿ ಯಾರನ್ನು ನೋಡಬೇಕು ಅಂತ ಬರೆಯಿರಿ. ಆಗಸ್ಟ್‌ನಲ್ಲಿ ನಾರ್ವೆಯ ಬ್ಲಿಂಕ್ ಉತ್ಸವದಲ್ಲಿ ಇದೇ ಜನ ಚಕ್ರದ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯ ಮೇಲೆ ಓಡುತ್ತಾರೆ. ಆವತ್ತು ಆ ಪುಟ ತೆರೆದು ನೋಡಿ.